ನಾಯಕರ ಹೆಸರಿನ ಗೋಡೆಯಲ್ಲಿ ಕುರ್ಡಿಗೆ ಜಾಗವಿದೆಯೇ?

2023ರ ಏಪ್ರಿಲ್ 30ರಂದು ಪ್ರಧಾನಿ ನರೇಂದ್ರ ಮೋದಿಯವರ ‘ಮನ್ ಕೀ ಬಾತ್’ ನೂರನೆಯ ಸಲ ಬಾನುಲಿಯಲ್ಲಿ ಪ್ರಸಾರವಾಯಿತು. ಅದೇ ದಿನ ದೆಹಲಿಯ ಜೈಪುರ ಹೌಸ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ‘ಜನಶಕ್ತಿ’ ಎಂಬ ಕಲಾಪ್ರದರ್ಶನ ಆರಂಭವಾಯಿತು. ಆ ಭಾಷಣಗಳಲ್ಲಿ ಬಂದ ವಿಷಯಗಳೇ ಕಲಾವಿದರಿಗೆ ವಸ್ತು: ನೀರಿನ ಉಳಿತಾಯ, ಸ್ವಚ್ಛತೆ, ನಾರೀಶಕ್ತಿ, ಕೋವಿಡ್ ಎಚ್ಚರ, ಬೇಸಾಯ, ಯೋಗ, ಆಯುರ್ವೇದ, ಈಶಾನ್ಯ ಭಾರತ. ಅಲಕಾ ಪಾಂಡೆ ಪ್ರದರ್ಶನವನ್ನು ಸಂಯೋಜಿಸಿದರು, ಕಿರಣ್ ನಾಡಾರ್ ಸಲಹೆಗಾರರಾಗಿದ್ದರು. ಮನು ಪಾರೇಖ್, ಮಾಧವಿ ಪಾರೇಖ್, ಅತುಲ್ ದೋಡಿಯಾ, ರಿಯಾಸ್ ಕೋಮು ಮೊದಲಾದ 13 ಮಂದಿ ಕಲಾವಿದರಲ್ಲಿ ಇಬ್ಬರು ನಮ್ಮ ಕಡೆಯವರು. ಒಬ್ಬರು ಸಿಂದಗಿಯ ಜಿ.ಆರ್. ಈರಣ್ಣ, ಇನ್ನೊಬ್ಬರು ಮಂಗಳೂರಿನ ಮಂಜುನಾಥ ಕಾಮತ್. ಎರಡು ವಾರದ ಬಳಿಕ ಪ್ರಧಾನಿಯವರೇ ಬಂದು ಪ್ರದರ್ಶನ ನೋಡಿದರು.

ಆ ಪಟ್ಟಿಯಲ್ಲಿ ಈರಣ್ಣನವರ ಹೆಸರು ಕಂಡಾಗ ನೆನಪಾದದ್ದು ಅವರ ಇನ್ನೊಂದು ಕೃತಿ. 2019ರ ವೆನಿಸ್ ಬಿಯೆನಾಲೆಯಲ್ಲಿ ಭಾರತ ಸರ್ಕಾರ ಗಾಂಧಿಯವರ 150ನೆಯ ವರ್ಷದ ನೆಪದಲ್ಲಿ ಒಂದು ಮಂಟಪ ತೆರೆದಿತ್ತು. ರೂಬೀನಾ ಕರೋಡೆ ಅದನ್ನು ರೂಪಿಸಿದ್ದರು. ಅಲ್ಲಿ ಈರಣ್ಣನವರ ‘ನಾವು’ ಇತ್ತು. ಗೋಡೆಯ ತುಂಬ ನೂರಾರು ಮರದ ಪಾದುಕೆಗಳು, ಒಂದೊಂದು ಪಾದುಕೆಗೂ ಒಂದೊಂದು ವಸ್ತು. ಗಾಂಧಿಯ ಮುಖವಿಲ್ಲ, ಕನ್ನಡಕವಿಲ್ಲ, ಕೋಲಿಲ್ಲ. ನಡೆದುಹೋದವರೆಲ್ಲರ ಕಾಲು ಮಾತ್ರ ಇತ್ತು. ಹೆಸರನ್ನೂ ಕನ್ನಡದಲ್ಲೇ ಇಟ್ಟುಕೊಂಡು ಆ ಕೃತಿ ವೆನಿಸ್‌ಗೆ ಹೋಗಿತ್ತು. ಒಬ್ಬ ನಾಯಕನ ಹೆಸರಿನಲ್ಲಿ ನಡೆದ ಪ್ರದರ್ಶನದಲ್ಲಿ ಕನ್ನಡದ ಕಲಾವಿದನೊಬ್ಬ ಇಟ್ಟ ಅತ್ಯಂತ ಘನವಾದ ಕೆಲಸ ಅದು ಎಂದು ನಾನು ನಂಬಿದ್ದೇನೆ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ‘ನಾವು’ ಆ ಮಂಟಪಕ್ಕಾಗಿ ಹುಟ್ಟಿದ ಕೃತಿಯಲ್ಲ. ಅದು ಮೊದಲೇ ಇತ್ತು, ಗಾಂಧಿ ನೆನಪು ಅದನ್ನು ಹುಡುಕಿಕೊಂಡು ಬಂತು.

ರಾಜಕಾರಣಿ ಕಲೆಯ ಹತ್ತಿರ ಸುಳಿಯಲೇಬಾರದು ಎಂದು ವಾದಿಸುವವರಿದ್ದಾರೆ. ನಾನು ಆ ಪಕ್ಷದವನಲ್ಲ. ಈ ದೇಶದ ಚಿತ್ರಕಲೆ ಸಿರಿವಂತರ ಪಡಸಾಲೆಯಿಂದ ಹೊರಬಂದು ಬಯಲಿಗೆ ಬಿದ್ದ ಒಂದೆರಡು ಸಂದರ್ಭಗಳಲ್ಲಿ ಅದನ್ನು ಹೊರಗೆ ಕರೆದವರು ರಾಜಕಾರಣಿಗಳೇ. ಹಾಗಾದರೆ ಯಾವ ಕರೆ ಒಳ್ಳೆಯದು, ಯಾವುದು ಕೆಟ್ಟದ್ದು? ಇದಕ್ಕೆ ಒಂದು ಅಳತೆಗೋಲು ಬೇಕು. ಅದನ್ನು ನಾನು ಗೋವಾದ ಸಾಂಗೆ ತಾಲ್ಲೂಕಿನಿಂದ ತರುತ್ತೇನೆ. ಅದಕ್ಕೆ ಮುಂಚೆ ಹಳೆಯ ಪ್ರಸಂಗಗಳನ್ನು ನೋಡಬೇಕು.

ಮೊದಲನೆಯದು ಹರಿಪುರ. 1938ರ ಫೆಬ್ರವರಿಯಲ್ಲಿ ಗುಜರಾತಿನ ಬಾರ್ಡೋಲಿ ಬಳಿಯ ಈ ಹಳ್ಳಿಯಲ್ಲಿ ಕಾಂಗ್ರೆಸ್ ಅಧಿವೇಶನ. ಸುಭಾಷ್‌ಚಂದ್ರ ಬೋಸ್ ಅಧ್ಯಕ್ಷರು. ಗಾಂಧಿ ಶಾಂತಿನಿಕೇತನದ ನಂದಲಾಲ್ ಬೋಸರನ್ನು ಕರೆದು ಅಧಿವೇಶನದ ನಗರವನ್ನು ಸಿಂಗರಿಸಲು ಹೇಳಿದರು. 1936ರಲ್ಲಿ ಲಖನೌದಲ್ಲಿಯೂ ಫೈಜ್‌ಪುರದಲ್ಲಿಯೂ ಇದೇ ಕೆಲಸ ಆಗಿತ್ತು, ಸ್ಥಳೀಯ ಸಾಮಗ್ರಿಯಲ್ಲೇ ಆಗಬೇಕೆಂಬ ಒತ್ತಾಯದೊಂದಿಗೆ. ಹರಿಪುರಕ್ಕಾಗಿ ನಂದಲಾಲ್ ಮತ್ತು ಅವರ ಶಿಷ್ಯರು ಸುಮಾರು 400 ಪೋಸ್ಟರ್ ಬರೆದರು. ಕುಂಬಾರ, ಕಮ್ಮಾರ, ದರ್ಜಿ, ಡೋಲು ಬಾರಿಸುವವನು, ಕುಸ್ತಿಪಟು, ಮಗುವಿಗೆ ಹಾಲೂಡುವ ತಾಯಿ. ಒಂದೇ ಬೀಸಿನ ಗೆರೆ, ಮಣ್ಣಿನ ಬಣ್ಣ, ಅಗ್ಗದ ಕಾಗದ. ಬಾಗಿಲು, ಕಮಾನು, ಬೀದಿಗಳಲ್ಲಿ ಅವನ್ನು ತೂಗುಹಾಕಿದರು. ಅಧಿವೇಶನಕ್ಕೆ ಬಂದ ರೈತ ತಲೆಯೆತ್ತಿದರೆ ತನ್ನಂಥವನೇ ಕಾಣುತ್ತಿದ್ದ. ಕರೆದ ನಾಯಕ ಚಿತ್ರದ ವಸ್ತುವಾಗಲಿಲ್ಲ ಎಂಬುದು ಹರಿಪುರದ ದೊಡ್ಡತನ. ಕೊರತೆಯೂ ಇದೆ. ಆ ಸೀಮೆಯಲ್ಲಿ ದುಬ್ಳಾ ಜನ ಪಾಟೀದಾರರ ಹೊಲಗಳಲ್ಲಿ ತಲೆತಲಾಂತರದ ಜೀತಕ್ಕಿದ್ದರು. ಹರಿಪುರದ ಫಲಕಗಳಲ್ಲಿ ದುಡಿಮೆಯಿದೆ, ಜೀತವಿಲ್ಲ. ಎಲ್ಲರೂ ತಂತಮ್ಮ ಕೆಲಸದಲ್ಲಿ ಸುಖವಾಗಿದ್ದಾರೆ. ಗಾಂಧಿಯ ಮೇಲಿನ ಗೌರವದಿಂದ ಇದನ್ನು ನಾವು ಹೇಳದೆ ಬಿಟ್ಟಿದ್ದೇವೆ, ಬಿಡಬಾರದು.

ಎರಡನೆಯದು ರಾಮಮನೋಹರ ಲೋಹಿಯಾ ಮತ್ತು ಎಂ.ಎಫ್. ಹುಸೇನ್. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇದು ಗೋವಾಕ್ಕೂ ಕನ್ನಡಕ್ಕೂ ಸೇರಿದ ಕಥೆ.

1946ರ ಜೂನ್‌ನಲ್ಲಿ ಲೋಹಿಯಾ ಗೋವಾಕ್ಕೆ ಬಂದದ್ದು ಜೈಲುವಾಸದಲ್ಲಿ ಕೆಟ್ಟ ಆರೋಗ್ಯ ಸುಧಾರಿಸಿಕೊಳ್ಳಲು. ಬರ್ಲಿನ್ ದಿನಗಳ ಗೆಳೆಯ ಡಾ. ಜುಲಿಯಾಂವ್ ಮಿನೆಜಿಸ್ ಅವರ ಅಸೊಳ್ಣೆಯ ಮನೆಯಲ್ಲಿ ಇಳಿದುಕೊಂಡಿದ್ದರು. ಸಭೆ ಸೇರಲೂ ಬಾಯಿ ಬಿಡಲೂ ಅಪ್ಪಣೆಯಿಲ್ಲದ ನಾಡನ್ನು ಕಂಡು ಸುಮ್ಮನಿರಲಾಗಲಿಲ್ಲ. ಜೂನ್ 18ರಂದು ಮಡಗಾಂವ್‌ನಲ್ಲಿ ಸಭೆ, ಬಂಧನ, ಗಡೀಪಾರು. ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ ಬಂದರು. ಘಟ್ಟವಿಳಿದು ಬರುವ ರೈಲು ದೂಧಸಾಗರ ದಾಟಿ ನಿಲ್ಲುವ ಕುಲೆಂ ನಿಲ್ದಾಣದಲ್ಲೇ ಪೋರ್ಚುಗೀಸರು ಹಿಡಿದು ಅಗ್ವಾದ ಕೋಟೆಗೆ ಹಾಕಿದರು. ಕುಲೆಂ ಈಗ ಧಾರಬಾಂದೋಡಾ ತಾಲ್ಲೂಕಿಗೆ ಸೇರಿದೆ, ಅಂದು ಅದು ಸಾಂಗೆಯದು. ಇದೇ ಲೋಹಿಯಾ 1951ರಲ್ಲಿ ಕಾಗೋಡಿಗೆ ಬಂದು ಗೇಣಿದಾರರ ಜೊತೆ ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡ, ಅನಂತಮೂರ್ತಿ, ಲಂಕೇಶ್, ತೇಜಸ್ವಿ, ಕೆ.ವಿ. ಸುಬ್ಬಣ್ಣ ಇವರನ್ನೆಲ್ಲ ಲೋಹಿಯಾ ಇಲ್ಲದೆ ಓದಲಾಗದು.

ಹೈದರಾಬಾದಿನಲ್ಲಿ ಲೋಹಿಯಾಗೆ ಬದ್ರಿವಿಶಾಲ್ ಪಿತ್ತಿ ಎಂಬ ಸಮಾಜವಾದಿ ಗೆಳೆಯರಿದ್ದರು. ‘ಕಲ್ಪನಾ’ ಎಂಬ ಹಿಂದಿ ಪತ್ರಿಕೆ ನಡೆಸಿದವರು, ಹುಸೇನರಿಗೂ ಆಶ್ರಯ ಕೊಟ್ಟವರು. ಆ ಬಳಗದಲ್ಲೇ ಲೋಹಿಯಾ ಹುಸೇನರಿಗೆ ಒಂದು ಮಾತು ಹೇಳಿದರು. ಟಾಟಾ, ಬಿರ್ಲಾಗಳ ಬೈಠಕ್‌ಖಾನೆಯಲ್ಲಿ ತೂಗುವ ಚಿತ್ರ ಎಷ್ಟು ದಿನ ಬರೆಯುತ್ತೀರಿ, ಈ ದೇಶದ ಹಳ್ಳಿ ಶತಮಾನಗಳಿಂದ ಹಾಡಿ ಆಡುತ್ತಿರುವ ರಾಮಾಯಣವನ್ನು ಬರೆಯಿರಿ ಎಂಬುದು ಅದರ ಸಾರಾಂಶ. ಹುಸೇನ್ ಇದನ್ನು ಹಲವು ಕಡೆ ಹೇಳಿಕೊಂಡಿದ್ದಾರೆ. ಅವರ ನೆನಪಿನಲ್ಲಿ ಇದು 1968. ಲೋಹಿಯಾ ತೀರಿಕೊಂಡದ್ದು 1967ರ ಅಕ್ಟೋಬರ್ 12ರಂದು. ಮಾತು ಅದಕ್ಕೂ ಮೊದಲಿನದಿರಬೇಕು. ವರ್ಷ ಹಿಂದುಮುಂದಾದರೂ ಮಾತು ಹುಸೇನರೊಳಗೆ ಎಷ್ಟು ಆಳವಾಗಿ ಇಳಿದಿತ್ತೆಂಬುದಕ್ಕೆ ಕೆಲಸವೇ ಸಾಕ್ಷಿ. ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲಿ, ಎಂಟು ವರ್ಷಗಳ ಅವಧಿಯಲ್ಲಿ, ಸುಮಾರು 150 ಚಿತ್ರ ಬರೆದರು. ವಾಲ್ಮೀಕಿಯನ್ನೂ ತುಳಸೀದಾಸರನ್ನೂ ಓದಿದರು, ಕಾಶಿಯ ಪಂಡಿತರನ್ನು ಕೂರಿಸಿಕೊಂಡು ಅರ್ಥ ಕೇಳಿದರು. ಚಿತ್ರಗಳನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೈದರಾಬಾದಿನ ಸುತ್ತಲಿನ ಹಳ್ಳಿಗಳಿಗೆ ಒಯ್ದು ಹರವಿದರು. ಪಟ್ಟಣದವರು ಕಣ್ಣೆಲ್ಲಿ, ಮೂಗೆಲ್ಲಿ ಎಂದು ಕೇಳುತ್ತಿದ್ದರು, ಹಳ್ಳಿಯವರು ಹಾಗೆ ಕೇಳಲಿಲ್ಲ ಎಂದು ಹುಸೇನ್ ಹೇಳುತ್ತಿದ್ದರು.

ಇದನ್ನು ಕೇಳಿ ಹಳ್ಳಿಗರ ಮುಗ್ಧತೆ ಎಂದು ಮೆಚ್ಚಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಅದು ಮುಗ್ಧತೆಯಲ್ಲ, ತರಬೇತಿ. ತೊಗಲುಗೊಂಬೆಯಾಟ ನೋಡಿ ಬೆಳೆದವರಿಗೆ ಪಕ್ಕಕ್ಕೆ ತಿರುಗಿದ ಮುಖದಲ್ಲಿ ಎರಡೂ ಕಣ್ಣು ಕಾಣುವುದು ಹೊಸದಲ್ಲ. ಹತ್ತು ತಲೆ ಒಂದೇ ಸಾಲಿನಲ್ಲಿ ನಿಂತ ರಾವಣ, ತೊಗಲಿನ ತೂತುಗಳಿಂದ ಬೆಳಕು ಸುರಿಯುವ ಹನುಮಂತ, ಮೈಗಿಂತ ಉದ್ದವಾದ ಕೈ ಇವೆಲ್ಲ ಅವರಿಗೆ ದಿನದ ನೋಟ. ಹುಸೇನರ ಮುರಿದ ಗೆರೆ, ಚಪ್ಪಟೆ ಬಣ್ಣ, ಚೌಕಟ್ಟಿನಾಚೆ ಹಾರುವ ವಾನರ ಅವರಿಗೆ ತೊಡಕಾಗಲಿಲ್ಲ, ಏಕೆಂದರೆ ಅವರು ಹುಸೇನರಿಗಿಂತ ಮೊದಲೇ ಆ ಭಾಷೆ ಕಲಿತಿದ್ದರು. ಲೋಹಿಯಾ ಮಾಡಿದ ದೊಡ್ಡ ಉಪಕಾರ ಇಲ್ಲಿದೆ. ಅವರು ಕಲಾವಿದನಿಗೆ ವಸ್ತುವಷ್ಟೇ ಅಲ್ಲದೆ ಬಲ್ಲ ನೋಡುಗನನ್ನೂ ತೋರಿಸಿಕೊಟ್ಟರು. ನಾಸ್ತಿಕರಾದ ಲೋಹಿಯಾ, ಮುಸಲ್ಮಾನರಾದ ಹುಸೇನ್, ರಾಮಾಯಣ: ಈ ಮೂರೂ ಒಂದೇ ಗಾಡಿಯಲ್ಲಿ ಹೋದ ಕಾಲವೊಂದು ಈ ದೇಶದಲ್ಲಿತ್ತು ಎಂಬುದು ಇಂದಿನ ಮಕ್ಕಳಿಗೆ ತಿಳಿದಿರಬೇಕು. ಅದೇ ಹುಸೇನರ ಮುಂಬೈ ಮನೆಗೆ 1998ರಲ್ಲಿ ದಾಳಿಯಾಯಿತು, 2006ರಲ್ಲಿ ಅವರು ದೇಶ ಬಿಟ್ಟರು, 2011ರಲ್ಲಿ ಲಂಡನ್ನಿನಲ್ಲಿ ಸತ್ತರು.

ಈ ಹುಸೇನರೇ ಇನ್ನೊಬ್ಬ ನಾಯಕರ ಎದುರು ಸೋತರು. 1975ರ ತುರ್ತುಪರಿಸ್ಥಿತಿಯ ಹೊತ್ತಿನಲ್ಲಿ ಅವರು ಮೂರು ಫಲಕಗಳ ಚಿತ್ರವೊಂದನ್ನು ಬರೆದರು. ಜೂನ್ 12, ಜೂನ್ 24, ಜೂನ್ 26 ಎಂಬ ಮೂರು ದಿನಗಳೇ ಅವುಗಳ ಹೆಸರು: ಅಲಹಾಬಾದ್ ಹೈಕೋರ್ಟಿನ ತೀರ್ಪು, ಸುಪ್ರೀಂ ಕೋರ್ಟಿನ ತಡೆ, ತುರ್ತುಪರಿಸ್ಥಿತಿಯ ಘೋಷಣೆ. ಇಂದಿರಾ ಗಾಂಧಿ ಅಲ್ಲಿ ದುರ್ಗೆಯಾದರು. ಗೆರೆಯಲ್ಲಿ ಬಲವಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ದುರ್ಗೆಯ ಚಿತ್ರದಲ್ಲಿ ಮಹಿಷನ ಜಾಗ ಯಾರದ್ದು ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಆ ದಿನಗಳಲ್ಲಿ ಆ ಜಾಗದಲ್ಲಿದ್ದವರು ಜೈಲಿನಲ್ಲಿದ್ದರು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ನಾವು ಮರೆಯದ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಅವರೂ ಪತಿ ಪಟ್ಟಾಭಿರಾಮ ರೆಡ್ಡಿಯವರೂ ಲೋಹಿಯಾ ಬಳಗದವರು. ಆಸ್ತಮಾದಿಂದ ನರಳಿದ ಆಕೆ 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಒಬ್ಬ ನಾಯಕನ ಮಾತಿನಿಂದ ಹಳ್ಳಿಗೆ ಹೋದ ಕುಂಚ, ಆ ನಾಯಕನದೇ ಬಳಗದ ಕಲಾವಿದೆಯನ್ನು ಜೈಲಿನಲ್ಲಿ ಉಸಿರಿಗೆ ಒದ್ದಾಡಿಸಿದ ಅಧಿಕಾರದ ಮುಖಕ್ಕೇ ದೇವಿಯ ಬಣ್ಣ ಹಚ್ಚಿತ್ತು. ಹುಸೇನರ ಮೇಲೆ ಎಷ್ಟೇ ಪ್ರೀತಿಯಿರಲಿ, ಈ ಚಿತ್ರವನ್ನು ನಾನು ಕ್ಷಮಿಸಲಾರೆ. ಅದೇ ಹೊತ್ತಿನಲ್ಲಿ ವಿವಾನ್ ಸುಂದರಂ ತುರ್ತುಪರಿಸ್ಥಿತಿಯ ವಿರುದ್ಧ ರೇಖಾಚಿತ್ರಗಳ ಸರಣಿಯನ್ನೇ ಬರೆದರು. ಆಗ ಬೇರೆ ದಾರಿ ಇರಲಿಲ್ಲ ಎನ್ನುವಂತಿಲ್ಲ.

ಈಗ ಅಳತೆಗೋಲಿಗೆ ಬರುತ್ತೇನೆ. ಸಾಂಗೆ ತಾಲ್ಲೂಕಿನಲ್ಲಿ ಕುರ್ಡಿ ಎಂಬ ಊರಿತ್ತು. ಕಿಶೋರಿ ಅಮೋಣಕರರ ತಾಯಿ, ಜೈಪುರ ಘರಾಣೆಯ ಮೊಗುಬಾಯಿ ಕುರ್ಡೀಕರ್ ಅಲ್ಲಿಯವರು. ಗದ್ದೆ, ತೆಂಗು, ಗೇರು, ಗುಡಿ, ಚರ್ಚು, ಮಸೀದಿ ಎಲ್ಲ ಇದ್ದ ಊರು. ಸಾಳಾವಲಿ ಹೊಳೆಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಗೋವಾದ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡಕರ್ ಸ್ವತಃ ಊರಿಗೆ ಬಂದು, ಇದರಿಂದ ದಕ್ಷಿಣ ಗೋವಾಕ್ಕೆಲ್ಲ ನೀರು ಸಿಗುತ್ತದೆ ಎಂದು ಜನರಿಗೆ ತಿಳಿಹೇಳಿದರು. ಜನ ನಂಬಿದರು, ಬಿಟ್ಟುಕೊಟ್ಟರು. 1980ರ ದಶಕದಲ್ಲಿ ಊರು ಮುಳುಗಿತು. ಕುರ್ಡಿಯ ಹಳೆಯ ಮಹಾದೇವ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಬೇರೆಡೆ ಕಟ್ಟಿದರು. ಜನರನ್ನು ವಾಡೆ, ವಾಲ್ಕಿಣಿಯ ಪುನರ್ವಸತಿ ಕಾಲೊನಿಗಳಿಗೆ ಸಾಗಿಸಿದರು. ಪ್ರತಿ ವರ್ಷ ಮೇ ತಿಂಗಳಲ್ಲಿ ಜಲಾಶಯದ ನೀರು ಇಳಿದಾಗ ಬಾವಿಕಟ್ಟೆ, ಪಾಯ, ದಾರಿ ಮತ್ತೆ ಕಾಣುತ್ತವೆ. ಹೋದವರು ಬಂದು ಸೋಮೇಶ್ವರನ ಸನ್ನಿಧಿಯಲ್ಲಿ ಸೇರುತ್ತಾರೆ. ಅಣೆಕಟ್ಟಿಗೆ ಊರು ಕೊಟ್ಟವರ ನಲ್ಲಿಗೇ ಆ ನೀರು ಸರಿಯಾಗಿ ಬರುವುದಿಲ್ಲ ಎಂಬುದು ಅವರ ಹಳೆಯ ದೂರು. 2016ರಲ್ಲಿ ಸೌಮ್ಯಾನಂದ ಸಾಹಿ ‘ರಿಮೆಂಬರಿಂಗ್ ಕುರ್ಡಿ’ ಎಂಬ ಸಾಕ್ಷ್ಯಚಿತ್ರದಲ್ಲಿ ಈ ನೆನಪುಗಳನ್ನು ಹಿಡಿದಿಟ್ಟಿದ್ದಾರೆ.

ನೀರಿನ ಬಗ್ಗೆ ಚಿತ್ರ ಬರೆ ಎಂದು ದೇಶ ಕೇಳಿದಾಗ ವಾಲ್ಕಿಣಿಯ ಹುಡುಗಿಯೊಬ್ಬಳು ಕುರ್ಡಿಯನ್ನು ಬರೆದರೆ, ಆ ಚಿತ್ರಕ್ಕೆ ಪ್ರದರ್ಶನದಲ್ಲಿ ಜಾಗ ಸಿಗುತ್ತದೆಯೇ? ನನ್ನ ಅಳತೆಗೋಲು ಇದೇ. ಲೋಹಿಯಾರ ಗಾಡಿಯಲ್ಲಿ ಸಿಗುತ್ತಿತ್ತು, ಅನುಮಾನವಿಲ್ಲ. ‘ನಾವು’ ಕೃತಿಯ ಗೋಡೆಯಲ್ಲಿ ಕುರ್ಡಿಯವರ ಪಾದುಕೆಗೂ ಒಂದು ಮೊಳೆ ಇತ್ತು. ಹರಿಪುರದಲ್ಲಿ ಬಹುಶಃ ಇಲ್ಲ, ಅಲ್ಲಿ ದುಬ್ಳಾಗಳಿಗೇ ಇರಲಿಲ್ಲ. ದುರ್ಗೆಯ ಮೂರು ಫಲಕಗಳಲ್ಲಿ ಖಂಡಿತ ಇಲ್ಲ.

‘ಜನಶಕ್ತಿ’ಯನ್ನು ಇದರಲ್ಲಿ ಅಳೆಯುವಾಗ ನ್ಯಾಯವಾಗಿಯೇ ಅಳೆಯಬೇಕು. ಅಲ್ಲಿನ ಕಲಾವಿದರು ಸಣ್ಣವರಲ್ಲ, ಅವರಲ್ಲಿ ಹಲವರ ಕೆಲಸವನ್ನು ನಾನು ಬಹಳ ಗೌರವದಿಂದ ನೋಡುತ್ತ ಬಂದಿದ್ದೇನೆ. ದೋಡಿಯಾ, ಆಶಿಮ್ ಪುರಕಾಯಸ್ಥ, ಈರಣ್ಣ ಮೂವರೂ ವೆನಿಸ್‌ನ ಮಂಟಪದಲ್ಲಿದ್ದವರೇ. ವಿಷಯಗಳಲ್ಲೂ ಕೇಡಿಲ್ಲ. ನೀರು, ನೈರ್ಮಲ್ಯ, ಹೆಣ್ಣಿನ ಬಲ ಎಲ್ಲವೂ ಬೇಕಾದವೇ. ತೊಡಕಿರುವುದು ಪ್ರದರ್ಶನವನ್ನು ಕಟ್ಟಿದ ರೀತಿಯಲ್ಲಿ. ಅಧಿಕಾರದಲ್ಲಿರುವ ನಾಯಕನ ಮಾತೇ ಮೂಲಪಠ್ಯ, ಆ ಮಾತಿನ ನೂರನೆಯ ಕಂತಿನ ದಿನವೇ ಮುಹೂರ್ತ, ಆ ಸರ್ಕಾರದ್ದೇ ಗ್ಯಾಲರಿ. ಹೀಗೆ ಮೂರು ಕಡೆಯಿಂದ ಕಟ್ಟಿದ ಮೇಲೆ ಕಲಾವಿದನಿಗೆ ಉಳಿಯುವುದು ಅನುವಾದದ ಕೆಲಸ. ಭಾಷಣದಲ್ಲಿ ಇಲ್ಲದ್ದನ್ನು ಅವನು ಸೇರಿಸಲಾರ. ಹಂಚಿಕೊಟ್ಟ ವಿಷಯಕ್ಕೆ ಒಬ್ಬೊಬ್ಬರೂ ಉತ್ತರ ಬರೆಯುವಾಗ ಪ್ರಶ್ನೆ ಕೇಳುವ ಹಕ್ಕು ಯಾರ ಬಳಿಯೂ ಉಳಿಯುವುದಿಲ್ಲ. ಗಾಂಧಿ, ಲೋಹಿಯಾ ಇಬ್ಬರೂ ಕಲಾವಿದನನ್ನು ಕರೆದಾಗ ಅವರ ಕೈಯಲ್ಲಿ ಸರ್ಕಾರವಿರಲಿಲ್ಲ ಎಂಬ ವ್ಯತ್ಯಾಸವೂ ಸಣ್ಣದಲ್ಲ. 1954ರಲ್ಲಿ ತೆರೆದ ಆ ಗ್ಯಾಲರಿ ಅಮೃತಾ ಶೇರ್‌ಗಿಲ್, ನಂದಲಾಲ್, ಜಾಮಿನಿ ರಾಯ್ ಅವರ ಚಿತ್ರಗಳನ್ನು ದೇಶದ ಪರವಾಗಿ ಕಾಪಾಡುವ ಮನೆ. 2019ರಲ್ಲಿ ಪ್ರಧಾನಿಗೆ ಬಂದ ಉಡುಗೊರೆಗಳ ಪ್ರದರ್ಶನ ಮತ್ತು ಹರಾಜು ನಡೆದದ್ದೂ ಅಲ್ಲೇ. ಯಾವ ಪಕ್ಷದ ನಾಯಕನಾದರೂ ಸರಿ, ಅಧಿಕಾರದಲ್ಲಿರುವಷ್ಟು ಕಾಲ ಆ ಗೋಡೆಗಳಿಂದ ದೂರ ನಿಲ್ಲುವುದು ಅವನಿಗೂ ಗೌರವ, ಗೋಡೆಗೂ ಗೌರವ. ‘ಜನಶಕ್ತಿ’ ನನ್ನ ಅಳತೆಯಲ್ಲಿ ಸೋಲುತ್ತದೆ. ಅದರ ಹೆಸರಿನಲ್ಲಿ ಜನ ಇದ್ದರೂ ಆ ಜನ ಯಾವುದನ್ನೂ ಕೇಳುವಂತಿರಲಿಲ್ಲ.

ನಮ್ಮ ಕಡೆಯ ಒಂದು ಲೋಪವನ್ನೂ ಹೇಳಬೇಕು. ಲೋಹಿಯಾ ಹುಸೇನರಿಗೆ ಹೇಳಿದ್ದನ್ನು ಕನ್ನಡದಲ್ಲಿ ನಿಜವಾಗಿ ನಡೆಸಿದ್ದು ರಂಗಭೂಮಿ. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೂತು ಸುಬ್ಬಣ್ಣ ಜಗತ್ತಿನ ಸಿನಿಮಾಗಳನ್ನು ರೈತರಿಗೆ ತೋರಿಸಿದರು. 1985ರಿಂದ ನೀನಾಸಂ ತಿರುಗಾಟ ಊರೂರಿಗೆ ನಾಟಕ ಒಯ್ದಿತು. ಚಿತ್ರಕಲೆ ಮಾತ್ರ ಗಾಡಿ ಹತ್ತಲಿಲ್ಲ. ಚಿತ್ರಸಂತೆ ವರ್ಷಕ್ಕೊಮ್ಮೆ ಬೆಂಗಳೂರಿನ ಕುಮಾರಕೃಪಾ ರಸ್ತೆಗೆ ಜನರನ್ನು ಕರೆಯುತ್ತದೆ, ಅದು ಒಳ್ಳೆಯದೇ. ಜನ ಇರುವಲ್ಲಿಗೆ ಚಿತ್ರ ಹೋಗುವುದು ಬೇರೆಯೇ ಕೆಲಸ. ಗೋವಾದಲ್ಲೂ ಅದೇ ಸ್ಥಿತಿ. ಸೆರೆಂಡಿಪಿಟಿ ಉತ್ಸವ 2016ರಿಂದ ಪಣಜಿಯಲ್ಲಿ ಬಹಳ ಅದ್ದೂರಿಯಾಗಿ ನಡೆಯುತ್ತಿದೆ. ಗೋವಾ ವಿಮೋಚನೆಯ ಸತ್ಯಾಗ್ರಹದಲ್ಲಿ ಪೋರ್ಚುಗೀಸ್ ಪೊಲೀಸರ ಏಟು ತಿಂದ ಮಡಗಾಂವ್‌ನ ಚಿತ್ರಕಾರ ಲಕ್ಷ್ಮಣ ಪೈ ತಾವೂ ರಾಮಾಯಣದ ಸರಣಿ ಬರೆದವರು. ಅವರನ್ನು ಸಾಂಗೆಯ ಶಾಲೆಯ ಮಕ್ಕಳು ನೋಡಬೇಕಾದರೆ ಎಲ್ಲಿಗೆ ಹೋಗಬೇಕು?

ಸಾಂಗೆಗೆ ಕಲೆ ಹೊಸತೇನಲ್ಲ. ರಿವಣದ ಹತ್ತಿರ ಉಸಗಾಳಿಮಳದಲ್ಲಿ, ಕುಶಾವತಿ ಹೊಳೆಯ ಪಕ್ಕದ ಮುರಕಲ್ಲಿನ ಹಾಸಿನ ಮೇಲೆ ಎತ್ತು, ಜಿಂಕೆ, ಮನುಷ್ಯರು, ಸುತ್ತಿ ಸುತ್ತಿ ಒಳಹೋಗುವ ಚಕ್ರವ್ಯೂಹ ಕೊರೆದಿವೆ. 1993ರಲ್ಲಿ ಹೊರಜಗತ್ತಿಗೆ ತಿಳಿದ ಆ ಕೆತ್ತನೆಗಳ ಯಾವ ಮೂಲೆಯಲ್ಲೂ ಅರಸನ ಹೆಸರಿಲ್ಲ.

ಜೂನ್ 18ರಂದು ಗೋವಾ ಸರ್ಕಾರ ಕ್ರಾಂತಿದಿನ ಆಚರಿಸಿ ಲೋಹಿಯಾರನ್ನು ನೆನೆಯುತ್ತದೆ. ಹೂಹಾರ ಸಾಕು ಎನ್ನುವುದಿಲ್ಲ, ಅದರ ಜೊತೆಗೆ ಒಂದು ಕೆಲಸವೂ ಆಗಲಿ ಎನ್ನುತ್ತೇನೆ. ಗೋವಾದ ಕಲಾ ಅಕಾಡೆಮಿಯೂ ಕರ್ನಾಟಕ ಲಲಿತಕಲಾ ಅಕಾಡೆಮಿಯೂ ಸೇರಿ ಸಾಂಗೆಯ ಪುನರ್ವಸತಿ ಕಾಲೊನಿಗಳಲ್ಲಿ ಒಂದು ಪ್ರದರ್ಶನ ನಡೆಸಲಿ. ಹುಸೇನರ ರಾಮಾಯಣದ, ಹರಿಪುರದ, ಲಕ್ಷ್ಮಣ ಪೈಯವರ ಚಿತ್ರಗಳ ಒಳ್ಳೆಯ ಪ್ರತಿಗಳು ಅಲ್ಲಿರಲಿ. ಪಕ್ಕದಲ್ಲಿ ಅಲ್ಲಿನ ಮಕ್ಕಳೂ, ಗಣಿಗೆ ದುಡಿಯಲು ಬಂದು ನೆಲೆಸಿದ ಉತ್ತರ ಕರ್ನಾಟಕದ ಮನೆಗಳ ಮಕ್ಕಳೂ ಬರೆದ ಕುರ್ಡಿಯ ಚಿತ್ರಗಳಿರಲಿ. ವಿಷಯವನ್ನು ಯಾರೂ ಹಂಚಿಕೊಡಬೇಡಿ. ಮಂತ್ರಿಗಳು ಬರಲಿ, ಬಂದು ನೋಡುವವರ ಸಾಲಿನಲ್ಲಿ ನಿಲ್ಲಲಿ. ಇದಕ್ಕೆ ದೊಡ್ಡ ಹಣ ಬೇಕಿಲ್ಲ, ಒಂದು ಲಾರಿ, ನಾಲ್ಕಾರು ಶಾಲೆಗಳ ಗೋಡೆ ಸಾಕು. ಎರಡೂ ಅಕಾಡೆಮಿಗಳು ಬರುವ ಮೇ ತಿಂಗಳಿಗೇ ಇದನ್ನು ಕೈಗೆತ್ತಿಕೊಳ್ಳಬೇಕು.